ಬಾಗಿಲು ಮುಚ್ಚಿದ ಮೇಲೆ ಪುಸ್ತಕ ಹೇಳಿದ್ದು, ಸಿನೆಮಾ ಹೇಳಿದ್ದು

ಮೊಮ್ಮಗಳು ತೊಟ್ಟಿಲಲ್ಲಿ ಮಲಗಿದ್ದಾಳೆ. ಅವಳು ಏಳುವುದರೊಳಗೆ ಇದಿಷ್ಟನ್ನು ಬರೆದುಬಿಡಬೇಕು. ನಾನು ಕಲಿತದ್ದು ಎರಡನೇ ಇಯತ್ತೆ. ಅಕ್ಷರ ದೊಡ್ಡವಾಗುತ್ತವೆ, ಸಾಲು ಇಳಿಜಾರಿಗೆ ಹೋಗುತ್ತದೆ. ಆದರೂ ಬಾಯಿ ಮುಚ್ಚಿಕೊಂಡಿರಲು ಆಗುತ್ತಿಲ್ಲ. ಪುಸ್ತಕದ ಮುಂದೆ ಸಿನೆಮಾ ಏನೂ ಅಲ್ಲ ಎಂದು ಓದಿದವರು ಹೇಳುತ್ತಾರೆ. ಇರಬಹುದು. ನಾನು ಕಂಡದ್ದು ಒಂದು ಪುಸ್ತಕ, ಅದರದೇ ಒಂದು ಸಿನೆಮಾ. ಅಷ್ಟರ ಮಟ್ಟಿಗೆ ಸಿನೆಮಾವೇ ಮೇಲು.

ಮಗಳು ಚೊಚ್ಚಲ ಬಾಣಂತನಕ್ಕೆ ಕಾರವಾರದಿಂದ ಅಂಕೋಲೆಗೆ, ನಮ್ಮ ಮನೆಗೆ ಬಂದಿದ್ದಳು. ಬಸುರಿ ಕೇಳಲೆಂದು ಸಂಜೆ ಪುರಾಣ ಓದಿಸುವುದು ನಮ್ಮಲ್ಲಿ ಪದ್ಧತಿ. ಒಮ್ಮೆ ತೆಗೆದ ಕತೆಯನ್ನು ನಡುವೆ ಬಿಡಬಾರದು. ಮಂಗಳ ಹಾಡಿ, ಕಾಯಿ ಒಡೆದು, ಬೆಲ್ಲದ ಅವಲಕ್ಕಿ ಹಂಚಿಯೇ ಮುಚ್ಚಬೇಕು. ಆದರೆ ಪುರಾಣದ ಪುಸ್ತಕ ಕಾರ್ತಿಕದಲ್ಲಿ ಯಾರದೋ ಮನೆಗೆ ಹೋದದ್ದು ತಿರುಗಿ ಬಂದಿರಲಿಲ್ಲ. ಮಗಳ ಟ್ರಂಕಿನಲ್ಲಿ ಒಂದು ಕಾದಂಬರಿ ಇತ್ತು, ಮರಾಠಿಯಿಂದ ಕನ್ನಡಕ್ಕೆ ಬಂದದ್ದು. ಕತೆ ಕತೆಯೇ ಅಲ್ಲವೇ ಎಂದು ನನ್ನ ಮನೆಯವರು ಅದನ್ನೇ ವ್ಯಾಸಪೀಠದ ಮೇಲಿಟ್ಟು, ಕುಂಕುಮ ಹಚ್ಚಿ, ಓದಲು ಕೂತರು.

ಅವರಿಗೆ ಗೊತ್ತಿದ್ದದ್ದು ಪುರಾಣದ ರಾಗ ಒಂದೇ. "ರಾಯರು ಕೋಟು ಬಿಚ್ಚಿ ಗೂಟಕ್ಕೆ ಹಾಕಿದರು" ಎಂಬುದನ್ನು ದೇವರು ರಥದಿಂದ ಇಳಿದ ಹಾಗೆ ಎಳೆದೆಳೆದು ಓದುವರು. ಪಕ್ಕದ ಮನೆಯ ಮುದುಕಿ ಕೈಮುಗಿದು ಕೇಳಿದಳು, "ಈ ರಾಯ್ರಿಗೆ ಎಷ್ಟು ತಲೆ?"

"ಒಂದೇ ಅಜ್ಜಿ," ಎಂದಳು ಮಗಳು. "ಅದೂ ಬಾಡಿಗೆ ಮನೇಲಿ ಇರೂ ತಲೆ."

ಕತೆ ಆ ರಾಯರ ಹೆಂಡತಿಯದು. ಬಡವರ ಮಗಳು, ಅತ್ತೆ ಮನೆಯಲ್ಲಿ ಅರೆಹೊಟ್ಟೆ, ಅವಳೂ ಚೊಚ್ಚಲ ಬಸುರಿ. ನನ್ನ ಮಗಳು ಅವಳನ್ನು "ನಮ್ಮವಳು" ಎನ್ನತೊಡಗಿದಳು. ಊಟಕ್ಕೆ ಕೂರುವಾಗ, "ಇವತ್ತು ನಮ್ಮವ್ಳು ಉಂಡ್ಳೇ, ಅಪ್ಪಾ?" ಎಂದು ಕೇಳುವಳು. ಉಂಡಳು ಎಂದರೆ ತಾನೂ ಎರಡು ತುತ್ತು ಹೆಚ್ಚು ಉಣ್ಣುವಳು.

ಒಂದು ಸಂಜೆ ಕತೆಯ ಹೆಂಗಸಿಗೆ ನೋವು ಶುರುವಾಯಿತು. ಅವಳನ್ನು ಕೋಣೆಗೆ ಕರೆದೊಯ್ದು ಬಾಗಿಲು ಮುಚ್ಚಿದರು. ಮನೆಯವರು ಹಾಳೆ ತಿರುಗಿಸಿದರು. ಮುಂದಿನ ಸಾಲನ್ನು ಮನಸ್ಸಿನಲ್ಲೇ ಓದಿಕೊಂಡರು. ಪುಸ್ತಕ ಮುಚ್ಚಿ, "ಕಣ್ಣು ನೀರಾಡ್ತದೆ. ನಾಳೆ ನೋಡ್ವಾ," ಎಂದು ಎದ್ದರು.

ಮಂಗಳ ಆಗಲಿಲ್ಲ. ಮರುದಿನ ನಾವು ಗದ್ದೆಗೆ ಹೋದಾಗ ಮಗಳು ಪುಸ್ತಕ ಇಳಿಸಿ ತಾನೇ ಓದಿಕೊಂಡಳು. ಬಾಗಿಲು ತೆರೆಯುವಾಗ ತಾಯಿಯೂ ಇಲ್ಲ, ಮಗುವೂ ಇಲ್ಲ. ಒಂದೇ ಸಾಲು. ಅದರ ಹಿಂದೆ ಬರೆದವರ ಉಪದೇಶ ಹಾಳೆಗಟ್ಟಲೆ.

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಧೈರ್ಯವಿರುತ್ತಿತ್ತು. "ನನ್ನ ಕತೆಗೆ ಮಂಗಳ ಇಲ್ಲ, ಅವ್ವಿ," ಎಂದು ಒಮ್ಮೆ ಹೇಳಿದಳು, ಅಷ್ಟೇ. ಆಮೇಲೆ ಅನ್ನ ಕಲಸುವಳು, ಹಾಗೇ ಬಿಟ್ಟು ಕೈತೊಳೆಯುವಳು. ಕೆನ್ನೆ ಒಳಕ್ಕೆ ಹೋಯಿತು. ಸೂಲಗಿತ್ತಿ ಬಂದು ಹೊಟ್ಟೆ ಮುಟ್ಟಿ ನೋಡಿ ನನ್ನನ್ನು ಹಿತ್ತಲಿಗೆ ಕರೆದಳು.

"ಕೂಸು ಸಮ ಅದೆ. ಉಣ್ಣದೇ ಇದ್ರೆ ನೋವು ತಡಿಯೂಕೆ ಇವ್ಳಿಗೆ ತ್ರಾಣ ಎಲ್ಲಿಂದ ಬರ್ತದೆ? ಹೆರೂಕೆ ಮೊದ್ಲೇ ಸಾಯೂಕೆ ತಯಾರಾಗಿ ಕೂತಿದಾಳೆ."

ಆ ಮಾತು ಕೇಳಿದ ಮೇಲೆ ನನಗೂ ಅನ್ನ ಇಳಿಯಲಿಲ್ಲ.

ಆ ವಾರ ಅಳಿಯ ಬಂದರು. ಕಾರವಾರದ ಕಚೇರಿಯಲ್ಲಿ ಗುಮಾಸ್ತರು. ಅದೇ ಕತೆಯ ಮರಾಠಿ ಟಾಕಿ ಕಾರವಾರದ ಬಯಲಿನ ಡೇರೆಗೆ ಬಂದಿದೆ ಎಂದರು. "ನಮ್ಮ ಕಚೇರಿಯವ್ರೊಬ್ರು ನೋಡಿ ಬಂದು ಬೈತಿದ್ರು, ಅತ್ತೆ. ಕಡೇ ಭಾಗ ಪೂರಾ ಹಾಳು ಮಾಡಿದಾರಂತೆ."

"ಹಾಳು ಅಂದ್ರೆ ಹೆಂಗೆ?"

"ಅದು ಕೇಳ್ಲಿಲ್ಲ."

ಅಳಿಯ ಅಲ್ಲದಿದ್ದರೆ ಒಂದು ಮಾತು ಅನ್ನುತ್ತಿದ್ದೆ. ಹಾಳು ಎಂದರೆ ಬದುಕಿಸಿದರೋ, ಇನ್ನೂ ಘೋರವಾಗಿ ಕೊಂದರೋ?

ಒಳಗಿನಿಂದ ಮಗಳ ದನಿ ಬಂತು. "ನಂಗೆ ಅದು ನೋಡ್ಬೇಕು."

"ಈ ಹೊಟ್ಟೆ ಹೊತ್ಕಂಡು ಮೋಟಾರಿನಲ್ಲೇ? ತಲೆ ಸಮ ಅದ್ಯಾ ನಿಂಗೆ?" ಎಂದರು ಮನೆಯವರು.

"ಬಯಕೆ, ಅಪ್ಪಾ."

ಬಯಕೆ ಎಂದ ಮೇಲೆ ಇಲ್ಲ ಎನ್ನುವ ಬಾಯಿ ನಮ್ಮಲ್ಲಿ ಯಾರಿಗೂ ಇಲ್ಲ. ಅವರು ಎದ್ದು ಅಂಗಿ ಹಾಕಿಕೊಂಡರು. "ಹುಳಿ ಕೇಳ್ತಾರೆ, ಸುಟ್ಟ ಮೀನು ಕೇಳ್ತಾರೆ. ಟಾಕಿ ಕೇಳೂ ಬಸುರಿ ಇವ್ಳೊಬ್ಳೇ," ಎಂದು ಗೊಣಗುತ್ತ, ಮೋಟಾರಿನವನಿಗೆ ನಿಧಾನ ಹೊಡೆಯಲು ಹೇಳಿಬರಲು ಹೋದರು.

ದಾರಿಯುದ್ದಕ್ಕೂ ಹೊಂಡ. ಒಂದೊಂದು ಹೊಂಡಕ್ಕೂ ನಾನು ಅವಳ ಮುಖ ನೋಡುತ್ತಿದ್ದೆ. ಬಿಣಗಾ ಘಟ್ಟದಲ್ಲಿ ಅವಳು ಕಣ್ಣು ಮುಚ್ಚಿದಾಗ ನನ್ನ ಜೀವವೇ ಹೋಯಿತು. ಸಿನೆಮಾದಲ್ಲೂ ಅವಳು ಸತ್ತರೆ ಮಗಳನ್ನು ಯಾವ ಮಾತು ಹೇಳಿ ತಿರುಗಿ ಕರೆತರಲಿ ಎಂದು ಯೋಚಿಸಿದೆ.

ಡೇರೆಯಲ್ಲಿ ಹೆಂಗಸರಿಗೆ ಅರಿವೆಯ ಮರೆ ಕಟ್ಟಿ ಬೇರೆ ಚಾಪೆ ಹಾಸಿದ್ದರು. ಪುಸ್ತಕದಲ್ಲಿ ಆ ಹೆಂಗಸಿನ ಹಸಿವನ್ನು ಪುಟಗಟ್ಟಲೆ ಬಣ್ಣಿಸಿದ್ದರು. ಇಲ್ಲಿ ಅವಳು ಪಾತ್ರೆಯ ತಳ ಕೆರೆದು ಅತ್ತೆಗೆ ಬಡಿಸಿದಳು, ಹಿಂದಿರುಗಿ ಒಂದು ತಂಬಿಗೆ ನೀರು ಕುಡಿದಳು. ಹಸಿವು ಎಂಬ ಮಾತೇ ಬರಲಿಲ್ಲ. ಆ ನೀರು ಎಂಥದೆಂದು ನಮ್ಮ ಚಾಪೆಯ ಹೆಂಗಸರಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಕಡೆಗೆ ಆ ಕೋಣೆ ಬಂತು. ಬಾಗಿಲು ಮುಚ್ಚಿತು. ಗಂಡ ಹೊರಗೆ ನಿಂತ. ಅಷ್ಟರಲ್ಲಿ ರೀಲು ಮುಗಿದು ದೀಪ ಹತ್ತಿತು.

ಅಲ್ಲಿದ್ದದ್ದು ಒಂದೇ ಯಂತ್ರ. ಪ್ರತಿ ರೀಲಿಗೂ ನಿಲ್ಲಿಸಿ ಬದಲಿಸಬೇಕು. ಶೇಂಗಾ ಮಾರುವವನು ಕೂಗುತ್ತ ಬಂದ. ಮಗಳು ನನ್ನ ಮಣಿಕಟ್ಟು ಹಿಡಿದಿದ್ದಳು, ಬಳೆ ಒಳಗೆ ಒತ್ತುತ್ತಿತ್ತು. ಮುಂದೆ ಕೂತಿದ್ದ ಹೆಂಗಸು ತಾನು ಮೊದಲೇ ಒಮ್ಮೆ ನೋಡಿದ್ದೇನೆಂದು ಪಕ್ಕದವಳಿಗೆ ಹೇಳುತ್ತಿದ್ದಳು. ನಾನು ಅವಳ ಹೆಗಲು ಮುಟ್ಟಲು ಕೈಚಾಚಿದೆ.

"ಕೇಳ್ಬೇಡ, ಅವ್ವಿ," ಎಂದಳು ಮಗಳು.

ಕೇಳಲಿಲ್ಲ. ಆ ಹೆಂಗಸಿನ ಮುಖವನ್ನೇ ನೋಡಿದೆ. ಶೇಂಗಾ ಸುಲಿದು ತಿನ್ನುತ್ತಿದ್ದಳು. ಮುಂದೆ ಸಾವಿದ್ದರೆ ಹೀಗೆ ತಿನ್ನುವಳೇ? ತಿನ್ನುವವರೂ ಇರುತ್ತಾರೆ.

ದೀಪ ಆರಿತು. ಮತ್ತೆ ಅದೇ ಬಾಗಿಲು. ಹಾಡಿಲ್ಲ, ಮಾತಿಲ್ಲ. ಡೇರೆಯ ಹಿಂದಿನ ಇಂಜಿನ್ನಿನ ಸದ್ದು ಮಾತ್ರ ಕೇಳುತ್ತಿತ್ತು. ಗಂಡ ಬಾಗಿಲು ನೋಡುತ್ತಾನೆ, ನಾವೂ ಬಾಗಿಲು ನೋಡುತ್ತೇವೆ. ಆಗ ಒಳಗೆ ಮಗು ಅತ್ತಿತು.

ಡೇರೆಯೆಲ್ಲ ಉಸಿರು ಬಿಟ್ಟಿತು. ಮಗಳ ಹಿಡಿತ ಮಾತ್ರ ಸಡಿಲಲಿಲ್ಲ. ಮಗು ಅತ್ತರಾಯಿತೇ, ತಾಯಿ? ನಾನು ಮನೆದೇವರನ್ನೆಲ್ಲ ನೆನೆದೆ. ಬಹಳ ಹೊತ್ತಿನ ಮೇಲೆ ಒಳಗಿನಿಂದ ಸೋತ ದನಿಯಲ್ಲಿ ಆ ಹೆಂಗಸು ಅತ್ತೆಯ ಹತ್ತಿರ ಊಟ ಕೇಳಿದಳು. ಅಲ್ಲಿಗೆ ಮುಗಿಯಿತು. ಬಾಗಿಲು ತೆರೆಯಲೇ ಇಲ್ಲ, ಅವಳ ಮುಖ ತೋರಿಸಲೇ ಇಲ್ಲ.

ಮಗಳು ಕೈ ಬಿಟ್ಟಳು. "ಅವ್ವಿ, ನಂಗೂ ಹಸಿವಾಗ್ತದೆ."

ಹೊರಗೆ ಅಳಿಯ ಹೇಳಿದರು, "ಅವ್ರು ಬೈದದ್ದು ಇದ್ಕೇ ಇರ್ಬೇಕು. ಪುಸ್ತಕದ ಗಾಂಭೀರ್ಯ ಹೋಯ್ತು ಅಂತ."

ಹೋಗಲಿ. ಅವಳು ಬದುಕಿದಳೆಂದಷ್ಟೇ ನಾನು ಮೇಲು ಎನ್ನುತ್ತಿಲ್ಲ. ನನ್ನ ಅಕ್ಕ ಹೆರುವಾಗ ನಾನು ಹೊರಗೆ ನಿಂತವಳು. ಅಲ್ಲಿ ಯಾರೂ ಉಪದೇಶ ಮಾಡುವುದಿಲ್ಲ. ಕಿವಿಯೊಂದೇ ಇರುತ್ತದೆ. ಪುಸ್ತಕ ಬರೆದವರು ಬಾಗಿಲು ತೆರೆದು ನಮಗೆ ಬುದ್ಧಿ ಹೇಳಿದರು. ಸಿನೆಮಾ ಮಾಡಿದವರು ನಮ್ಮ ಜತೆಗೇ ಹೊರಗೆ ನಿಂತರು.

ಆವತ್ತು ಅಳಿಯನ ಮನೆಯಲ್ಲಿ ಮಗಳು ಬಂಗುಡೆ ಸಾರಿನಲ್ಲಿ ಉಂಡದ್ದನ್ನು ನಾನು ಕಣ್ತುಂಬ ನೋಡಿದೆ. ಅಂಕೋಲೆಗೆ ಬಂದ ಮೇಲೂ ಉಂಡಳು. ದಿನ ತುಂಬಿದಾಗ ನೋವು ಬೆಳಗಿನಿಂದ ಮಧ್ಯಾಹ್ನ ದಾಟಿದರೂ ಬಿಡದೆ ಕಾಡಿತು. ಒಮ್ಮೆ ಸೂಲಗಿತ್ತಿಯ ಮುಖವೂ ಬಿಳಿಚಿತು. ಆದರೆ ಮಗಳಲ್ಲಿ ತ್ರಾಣ ಇತ್ತು. ಸೂಲಗಿತ್ತಿಗೇ ಬೈಯುವಷ್ಟು ಇತ್ತು. ಕೂಸು ಹೊರಬಂದು ಬಾಯಿ ಇಷ್ಟಗಲ ತೆರೆಯಿತು, ಕೇರಿಯೆಲ್ಲ ಕೇಳುವ ಹಾಗೆ.

ಈಗ ಕೂಸು ನೋಡಲು ಬಂದವರನ್ನೆಲ್ಲ ಕೂರಿಸಿ ನಾನು ಸಿನೆಮಾವನ್ನು ಮೊದಲಿನಿಂದ ಹೇಳುತ್ತೇನೆ. ಮನೆಯವರು ನಿನ್ನೆ ಜಗಲಿಯಿಂದ ಕೂಗಿದರು, "ಸಾಕೇ ಮಾರಾಯ್ತಿ. ಅವ್ರು ಕೂಸು ನೋಡೂಕೆ ಬಂದವ್ರು."

"ಕೂಸು ಮಲಗ್ಯದೆ," ಎಂದೆ. "ಏಳೂ ತನ್ಕ ಇದು ಕೇಳ್ಲಿ."