ಗುಣಿಸಿ ನೋಡದ ಸಂಖ್ಯೆ

ನನಗೆ ಜಂಬ ಜಾಸ್ತಿ, ನಿವೃತ್ತಿಯಾದ ಮೇಲೂ ಇಳಿದಿಲ್ಲ. ಕಳೆದ ವರ್ಷ ರಸೆಲ್ ಮಾರುಕಟ್ಟೆಯಲ್ಲಿ, ನಾನು ಯಾವಾಗಲೂ ಹಣ್ಣು ಕೊಳ್ಳುವ ಅಂಗಡಿಯವರ ಮುಂದೆ ಅದು ಹೆಡೆ ಎತ್ತಿತು. ಅವರು ಎಂಥ ಲೆಕ್ಕವನ್ನೂ ಬಾಯಲ್ಲೇ ಹಾಕುತ್ತಾರೆ. ಗಿರಾಕಿಯೊಬ್ಬರು ಅದನ್ನು ಹೊಗಳಿದ್ದು ಕೇಳಿ, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ನನಗೆ ಸುಮ್ಮನಿರಲಾಗಲಿಲ್ಲ.

“5882353 ಅಂತ ಒಂದು ನಂಬರ್ ಇದೆ,” ಅಂದೆ. “588, 2353 ಅಂತ ಎರಡು ತುಂಡು ಮಾಡಿ. ಒಂದೊಂದನ್ನೂ ಅದರಿಂದಲೇ ಗುಣಿಸಿ, ಬಂದಿದ್ದನ್ನ ಕೂಡಿಸಿ. ವಾಪಸ್ ಅದೇ ನಂಬರ್ ಬರತ್ತೆ.”

ಪ್ರತಿ ವರ್ಷ ಹತ್ತನೇ ತರಗತಿಗೆ ಮೊದಲ ದಿನ ಇದನ್ನೇ ಹೇಳುತ್ತಿದ್ದೆ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಇವರು ಹಾಗೆ ಕೇಳಲಿಲ್ಲ. ಪಪ್ಪಾಯ ಸುತ್ತುವ ಪೇಪರಿನ ಅಂಚಿನಲ್ಲಿ ಗುಣಿಸಲು ಶುರುಮಾಡಿದರು.

“ಬರ್ತಾ ಇಲ್ಲ ಮೇಡಂ. ಸಾವಿರ ಕಡಿಮೆ ಆಗ್ತಿದೆ.”

“ನೀವೇ ಎಲ್ಲೋ ತಪ್ಪಿದ್ದೀರ,” ಎಂದು ಗಟ್ಟಿಯಾಗಿಯೇ ಹೇಳಿದೆ. ಆದರೆ ಅದನ್ನು ನಾನು ಒಂದು ಸಲವೂ ಗುಣಿಸಿ ನೋಡಿರಲಿಲ್ಲ. ನನಗೆ ಕಲಿಸಿದವರು ಹೇಳಿದ್ದರು, ನಾನೂ ಹೇಳಿದೆ, ಅಷ್ಟೆ. ಅದು ಸುಳ್ಳಾದರೆ ಮೂವತ್ತು ವರ್ಷವೂ ಮಕ್ಕಳಿಗೆಲ್ಲ ಸುಳ್ಳು ಹೇಳಿದ ಹಾಗೆ.

ಹಲಸೂರಿನ ಬಸ್ಸು ಹತ್ತಿದೆ. ಫೋನಿನಲ್ಲಿ ಒತ್ತಿದ್ದರೆ ಎರಡು ನಿಮಿಷದ ಕೆಲಸ. ಆದರೆ ಕ್ಯಾಲ್ಕುಲೇಟರ್ ಮುಟ್ಟಿದ ಮಕ್ಕಳ ಗೆಣ್ಣಿಗೆ ಸ್ಕೇಲಿನಲ್ಲಿ ಕೊಟ್ಟವಳು ನಾನು, ಯಾವ ಮುಖ ಇಟ್ಟುಕೊಂಡು ಒತ್ತಲಿ? ಜೋಗುಪಾಳ್ಯದ ಮನೆಗೆ ಬಂದವಳೇ, ಹಣ್ಣನ್ನು ಚೀಲದಿಂದಲೂ ತೆಗೆಯದೆ ಊಟದ ಮೇಜಿಗೆ ಕೂತೆ. 588ರ ವರ್ಗ 345744. 2353ರ ವರ್ಗ 5536609. ಎರಡನ್ನೂ ಕೂಡಿಸಿದೆ. 5882353. ಇನ್ನೊಂದು ಸಲ ಮಾಡಿದೆ, ಅದೇ ಬಂತು. ಎಷ್ಟು ಖುಷಿಯಾಯಿತೆಂದರೆ ಒಬ್ಬಳೇ ಜೋರಾಗಿ ನಕ್ಕುಬಿಟ್ಟೆ. ಇಷ್ಟು ವರ್ಷ ಬೇರೆಯವರ ಮಾತಾಗಿದ್ದದ್ದು ಈಗ ನನಗೇ ಗೊತ್ತಿತ್ತು.

ಮರುದಿನ ಹಾಳೆ ಹಿಡಿದುಕೊಂಡು ಹೋದೆ. ಅಷ್ಟರಲ್ಲಿ ಅವರೂ ತಪ್ಪು ಹಿಡಿದಿದ್ದರು.

“ಕೂಡಿಸೋವಾಗ ಕೈಲಿದ್ದ ಒಂದನ್ನ ಮರೆತ್ಬಿಟ್ಟಿದ್ದೆ ಮೇಡಂ. ರಾತ್ರಿ ಊಟ ಆದ್ಮೇಲೆ ಮನೆಯವರೆಲ್ಲ ಕೂತು ಮಾಡಿದ್ವಿ. ಸಖತ್ ನಂಬರ್!”

ಅವರ ಸಂತೋಷ ನೋಡಿ ನನ್ನ ಬಾಯಿ ಸಡಿಲವಾಯಿತು. ನಾನೂ ಮೊದಲ ಸಲ ಗುಣಿಸಿದ್ದು ನಿನ್ನೆಯೇ ಎಂದು ಒಪ್ಪಿಕೊಂಡೆ. ಅವರು ನಗುತ್ತಲೇ ಕೇಳಿದರು:

“ಅರೆ, ಮೂವತ್ತು ವರ್ಷದಲ್ಲಿ ಒಂದು ಮಗೂನೂ ಕೇಳ್ಲಿಲ್ವಾ, ನೀವು ಮಾಡಿ ನೋಡಿದ್ದೀರಾ ಅಂತ?”

“ಒಬ್ಬಳು ಕೇಳಿದ್ಲು,” ಅಂದೆ. “ಅಧಿಕಪ್ರಸಂಗಿ ಅಂತ ಬೈದು, ಪೀರಿಯಡ್ ಮುಗಿಯೋವರೆಗೂ ಆಚೆ ನಿಲ್ಲಿಸಿದ್ದೆ.”

ಅವರು ನಗು ನಿಲ್ಲಿಸಿ ಸೀಬೆಹಣ್ಣು ಆರಿಸತೊಡಗಿದರು. ಉಳಿದದ್ದನ್ನು ನಾನು ಅವರಿಗೆ ಹೇಳಲಿಲ್ಲ. ಆ ವರ್ಷವೆಲ್ಲ ಆ ಹುಡುಗಿ ತರಗತಿಯಲ್ಲಿ ಮತ್ತೆ ಬಾಯಿ ತೆರೆಯಲಿಲ್ಲ. ಅವಳ ಅಂಕಪಟ್ಟಿಯಲ್ಲಿ, ನಡತೆ ಸುಧಾರಿಸಿದೆ ಎಂದು ನಾನೇ ಬರೆದೆ.