ಶ್ರಾವಣದ ಚಳಿಯಲ್ಲಿ ತಮ್ಮನಿಗಾಗಿ ಕಾದದ್ದು

ನಾನಿರುವುದು ಸಿಡ್ನಿಯ ಲಿವರ್‌ಪೂಲಿನಲ್ಲಿ, ತಮ್ಮ ಮೆಲ್ಬರ್ನಿನಲ್ಲಿ. ಸಿಡ್ನಿಯಿಂದ ಪಶ್ಚಿಮಕ್ಕೆ, ಮೆಲ್ಬರ್ನಿನಿಂದ ವಾಯವ್ಯಕ್ಕೆ ಬಹಳ ದೂರ ಹೋದರೆ ಹೊಲಗಳು ಮುಗಿದು ಮರುಭೂಮಿ ಶುರುವಾಗುತ್ತದೆ. ಕೆಂಪು ಮಣ್ಣು, ಮೊಣಕಾಲೆತ್ತರದ ಬೂದು ಪೊದೆಗಳು, ನೀರು ಬತ್ತಿ ಯಾವ ಕಾಲವಾಯಿತೋ ಅನ್ನುವಂಥ ಕೆರೆಯಂಗಳಗಳು. ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ನಾನು ಈ ಕಡೆಯಿಂದ, ಅವನು ಆ ಕಡೆಯಿಂದ ಟ್ರಕ್ ಹೊಡೆದುಕೊಂಡು ಹೋಗಿ ಅಲ್ಲಿ ಸೇರುತ್ತಿದ್ದೆವು. ಹೆಂಡತಿ ಮಕ್ಕಳಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಟ್ರಕ್ಕಿನ ಹಿಂಭಾಗದಲ್ಲೇ ಮಲಗುವುದು, ಅಲ್ಲೇ ಬೇಯಿಸಿಕೊಂಡು ತಿನ್ನುವುದು, ಎರಡು ಮೂರು ದಿನ ಕಳೆದು ವಾಪಸಾಗುವುದು.

ಬೆಚ್ಚಗಿರುವಾಗ ಹೋಗುವುದು ಬಿಟ್ಟು ನೀರು ಗಡ್ಡೆ ಕಟ್ಟುವಾಗ ಹೋಗುತ್ತೀರಲ್ಲ ಎಂದು ನನ್ನ ಹೆಂಡತಿ ಪ್ರತಿ ವರ್ಷ ಬೈಯುತ್ತಿದ್ದಳು. ಬೇಸಿಗೆಯಲ್ಲಿ ಅಲ್ಲಿನ ಬಿಸಿಲಿಗೂ ನೊಣಕ್ಕೂ ಮನುಷ್ಯ ನಿಲ್ಲಲಾರ. ಅದೊಂದು ಕಾರಣ. ಇನ್ನೊಂದು ನಮ್ಮ ಪಂಚಾಂಗದ್ದು. ಇಲ್ಲಿ ಚಳಿ ಬಲಿಯುವ ಹೊತ್ತಿಗೆ ಸರಿಯಾಗಿ ಆಷಾಢ ಬರುತ್ತದೆ. ನಾಮಕರಣ, ಸೀಮಂತ, ಗೃಹಪ್ರವೇಶ ಎಂದು ಶನಿವಾರ ಭಾನುವಾರಗಳನ್ನೆಲ್ಲ ತಿಂದುಹಾಕುವ ಕರೆಗಳು ಆ ಒಂದು ತಿಂಗಳು ನಿಲ್ಲುತ್ತವೆ. ಯಾರ ಮನೆಗೂ ಹೋಗಬೇಕಿಲ್ಲ, ಹೋಗಲಿಲ್ಲವೆಂದು ಯಾರೂ ಮುನಿಸಿಕೊಳ್ಳುವುದಿಲ್ಲ. ಆಷಾಢ ನಮ್ಮಿಬ್ಬರ ತಿಂಗಳಾಗಿತ್ತು.

ನಾನು ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ತನ್ನನ್ನು ಓದಿಸಲು ಅಣ್ಣ ಸ್ಕೂಲು ಬಿಟ್ಟ ಎಂದು ತಮ್ಮ ಎಲ್ಲರೆದುರು ಹೇಳುತ್ತಿರುತ್ತಾನೆ. ಅದು ನಿಜವಲ್ಲ. ನನಗೆ ಬೆಂಚಿನ ಮೇಲೆ ಕೂರಲಾಗುತ್ತಿರಲಿಲ್ಲ, ಬಿಟ್ಟೆ. ಚಳ್ಳಕೆರೆಯಲ್ಲಿ ಲಾರಿಗೆ ಬಾಡಿ ಕಟ್ಟುವ ಶೆಡ್ಡಿಗೆ ಸೇರಿ ವೆಲ್ಡಿಂಗ್ ಕಲಿತೆ. ಆ ಕೆಲಸ ನೋಡಿಯೇ ಇಲ್ಲಿನ ವರ್ಕ್‌ಶಾಪಿನವನು ನನಗೆ ವೀಸಾ ಮಾಡಿಸಿದ. ತಮ್ಮ ಇಂಜಿನಿಯರ್ ಆಗಿ ನನಗಿಂತ ಮೊದಲು ಬಂದಿದ್ದ, ಸರಿ. ಆದರೆ ನನ್ನನ್ನು ಕರೆಸಿಕೊಂಡದ್ದು ಅವನಲ್ಲ, ನನ್ನ ಕೈ.

ಈಗಲೂ ಅದೇ ಕೆಲಸ. ಸಣ್ಣ ಟ್ರಕ್ಕುಗಳ ಹಿಂದಿನ ತೊಟ್ಟಿಯ ಮೇಲೆ ಅಲ್ಯೂಮಿನಿಯಮ್ ಗೂಡು ಕಟ್ಟಿಕೊಡುತ್ತೇನೆ. ಒಳಗೆ ಒಬ್ಬರು ಕಾಲು ಚಾಚಿ ಮಲಗುವಷ್ಟು ಹಾಸಿಗೆ, ಪಕ್ಕದಲ್ಲಿ ಎಳೆದರೆ ಹೊರಗೆ ಬರುವ ಅಡುಗೆ ಕಟ್ಟೆ. ನನ್ನ ಟ್ರಕ್ಕಿಗೂ ತಮ್ಮನ ಟ್ರಕ್ಕಿಗೂ ನಾನೇ ಕಟ್ಟಿದ್ದು, ಎರಡೂ ಒಂದೇ ಅಳತೆ.

ಅಪ್ಪ ಅವ್ವ ಇಬ್ಬರೂ ಇಲ್ಲ. ಹಿರಿಯರಿಲ್ಲದ ಮನೆಯಲ್ಲಿ ಶುಭಕಾರ್ಯವಾದರೆ ದೊಡ್ಡ ಮಗ ಅಪ್ಪನ ಜಾಗದಲ್ಲಿ ನಿಲ್ಲಬೇಕು, ಅದು ನಮ್ಮ ಕಡೆಯ ಪದ್ಧತಿ. ತಮ್ಮನ ಮದುವೆಯಲ್ಲಿ ನಾನು ಹಾಗೇ ನಿಂತೆ. ಟಾರ್ನೀಟ್‌ನ ಬಾಡಿಗೆ ಮನೆಯಲ್ಲಿದ್ದ ಅವನು ಕ್ರೇಗಿಬರ್ನ್‌ನಲ್ಲಿ ಸ್ವಂತ ಮನೆ ಕಟ್ಟಿಸಲು ಶುರು ಮಾಡಿದಾಗ, ಹೊಸಿಲು ದಾಟುವ ದಿನ ಕಳಶ ಹಿಡಿದು ಮುಂದೆ ಹೋಗುವವನು ನಾನು ಎಂದು ಫೋನಿನಲ್ಲೇ ಹೇಳಿಬಿಟ್ಟಿದ್ದೆ. ನಗುತ್ತಾ ಹೇಳಿದ್ದು ಹೌದು. ತಮಾಷೆಗಲ್ಲ ಎಂದು ಅವನಿಗೂ ಗೊತ್ತಿತ್ತು. "ನೀನಲ್ದೆ ಇನ್ಯಾರಣ್ಣ" ಅಂದಿದ್ದ. ನಾನು ಅದಕ್ಕೆಂದು ಒಂದು ರೇಷ್ಮೆ ಪಂಚೆ ತರಿಸಿಟ್ಟುಕೊಂಡಿದ್ದೆ. ಮನೆ ಯಾವಾಗ ಕೈಗೆ ಬರುತ್ತದೆ ಎಂದು ಪ್ರತಿ ಫೋನಿನಲ್ಲೂ ಕೇಳುತ್ತಿದ್ದೆ. ಇನ್ನೂ ಕೆಲಸ ಬಾಕಿ ಇದೆ, ಬಿಲ್ಡರ್ ಎಳೆದಾಡುತ್ತಿದ್ದಾನೆ ಎನ್ನುತ್ತಿದ್ದ.

ಅವನ ಮಾವನಿಗೂ ನನಗೂ ಅಷ್ಟಕ್ಕಷ್ಟೆ. ಅವರು ಮೈಸೂರಿನವರು, ಮೆಲ್ಬರ್ನಿನಲ್ಲಿ ಡಾಕ್ಟರಾಗಿದ್ದು ರಿಟೈರ್ ಆದವರು. ತಮ್ಮನ ಮಗಳ ನಾಮಕರಣದಲ್ಲಿ ನನ್ನನ್ನು ಯಾರಿಗೋ ತೋರಿಸಿ, ಅಳಿಯನ ಬ್ರದರ್, ಸಿಡ್ನಿಯಲ್ಲಿ ಮೆಕ್ಯಾನಿಕ್ ಅಂದರು. ನಾನು ಸುಮ್ಮನಿರಬಹುದಿತ್ತು. "ಮೆಕ್ಯಾನಿಕ್ ಅಲ್ಲ ಸಾರ್. ನೀವು ಬಾಡಿ ಬಿಚ್ಚೋರು, ನಾನು ಬಾಡಿ ಕಟ್ಟೋನು" ಅಂದೆ. ಅಲ್ಲಿದ್ದವರೆಲ್ಲ ನಕ್ಕರು. ಅವರು ನಗಲಿಲ್ಲ. ನನ್ನ ತಮ್ಮ ನಕ್ಕನೋ ಇಲ್ಲವೋ ಎಂದು ಆಗ ನೋಡಿರಲಿಲ್ಲ.

ಈ ಸಲ ಆಷಾಢದಲ್ಲಿ ತನಗೆ ರಜೆ ಸಿಗುವುದಿಲ್ಲ, ಶ್ರಾವಣ ಬಂದ ಮೇಲೆ ಹೋಗೋಣ ಎಂದು ತಮ್ಮನೇ ದಿನ ಗೊತ್ತುಮಾಡಿದ. ಚಳಿ ಅಷ್ಟೇ ಇರುತ್ತದೆ, ನನಗೇನು. ಶುಕ್ರವಾರ ಬೆಳಿಗ್ಗೆ ಹೊರಟೆ. ಎರಡು ಕಂಬಳಿ, ರಾಗಿ ಹಿಟ್ಟು, ಮುದ್ದೆ ಕೋಲು, ಹೆಂಡತಿ ಮಾಡಿ ಫ್ರೀಜರಿನಲ್ಲಿಟ್ಟಿದ್ದ ಹುರುಳಿ ಸಾರು. ತಮ್ಮನ ಹೆಂಡತಿ ಮುದ್ದೆ ಮಾಡುವವಳಲ್ಲ. ಅವನು ವರ್ಷವಿಡೀ ಅದಕ್ಕೆ ಬಾಯಿ ಬಿಟ್ಟುಕೊಂಡು ಬರುತ್ತಿದ್ದ. ಕಟ್ಟಿಗೆಯನ್ನು ಹೈವೇಯ ಪೆಟ್ರೋಲ್ ಬಂಕಿನಲ್ಲಿ ಕೊಂಡೆ. ಸಂಜೆಗೆ ನಮ್ಮ ಮಾಮೂಲಿ ಜಾಗದಲ್ಲಿ, ಒಣಗಿದ ಕೆರೆಯ ದಂಡೆಯಲ್ಲಿ ಟ್ರಕ್ ನಿಲ್ಲಿಸಿ, ಗಾಳಿ ಕಡಿಮೆ ಇರುವ ಪಕ್ಕವನ್ನು ಅವನಿಗೆ ಬಿಟ್ಟೆ.

ಶನಿವಾರ ಬೆಳಿಗ್ಗೆ ಎದ್ದರೆ ಉಸಿರಿನ ಹಬೆಯೆಲ್ಲ ಗೂಡಿನ ಸೂರಿಗೆ ಅಂಟಿ ಬೆಳ್ಳಗೆ ಹೆಪ್ಪುಗಟ್ಟಿತ್ತು. ಕೂತರೆ ತಲೆ ತಾಗಿ ಕುತ್ತಿಗೆಗೆ ಉದುರುತ್ತಿತ್ತು. ನೀರಿನ ಕ್ಯಾನಿನ ನಲ್ಲಿ ಗಟ್ಟಿಯಾಗಿತ್ತು. ಗ್ಯಾಸಿನ ಉರಿಯೂ ಚಳಿಗೆ ಸೋತು ನೀಲಿ ಮೊಗ್ಗಿನಷ್ಟಾಗಿತ್ತು. ಇದೆಲ್ಲ ಪ್ರತಿ ವರ್ಷದ ಕಥೆ, ಇಬ್ಬರಿದ್ದರೆ ಬೈದುಕೊಂಡು ನಗುತ್ತೇವೆ. ಒಬ್ಬನೇ ಆದರೆ ಚಳಿ ಬರೀ ಚಳಿ.

ಮಧ್ಯಾಹ್ನಕ್ಕೆ ಬರುತ್ತೇನೆ ಅಂದವನು ಬರಲಿಲ್ಲ. ಬಿಸಿಲು ಇಳಿಯುತ್ತ ಬಂತು. ಆ ದಾರಿಯಲ್ಲಿ ಮುಸ್ಸಂಜೆಗೆ ಕಾಂಗರೂಗಳು ಪೊದೆಯಿಂದ ಸೀದಾ ಬಾನೆಟ್ಟಿನ ಮುಂದೆ ಜಿಗಿಯುತ್ತವೆ. ಟ್ರಕ್ ತೆಗೆದು ಮಣ್ಣಿನ ದಾರಿಯುದ್ದಕ್ಕೂ ಎರಡೂ ಬದಿ ನೋಡುತ್ತ ಹೈವೇಯವರೆಗೆ ಹೋದೆ. ಸಿಗ್ನಲ್ ಸಿಕ್ಕಿತು, ಅವನ ಫೋನ್ ಸ್ವಿಚ್ ಆಫ್. ಅವನ ಹೆಂಡತಿಯೂ ಎತ್ತಲಿಲ್ಲ. ಬಂಕಿನವನನ್ನು, ದಕ್ಷಿಣದ ಕಡೆ ಏನಾದರೂ ಆಕ್ಸಿಡೆಂಟ್ ಆಗಿದೆಯಾ ಎಂದು ಕೇಳಿದೆ. ತನಗೆ ಗೊತ್ತಿರುವ ಮಟ್ಟಿಗೆ ಇಲ್ಲ ಅಂದ. ಆ ರಾತ್ರಿ ಬಂಕಿನ ಪಕ್ಕದಲ್ಲೇ ಟ್ರಕ್ಕಿನಲ್ಲಿ ಮಲಗಿದೆ, ಮಲಗಿದೆ ಅನ್ನುವುದು ಮಾತಿಗೆ. ಅವನ ಹೆಂಡತಿಗೆ ಏನೆಂದು ಹೇಳಲಿ, ಆ ಮಗುವಿಗೆ ಏನೆಂದು ಹೇಳಲಿ ಎಂಬಲ್ಲಿಯವರೆಗೆ ಮನಸ್ಸು ಹೋಗಿ ಬಂದಿತ್ತು.

ಭಾನುವಾರ ಬೆಳಿಗ್ಗೆ ಮೆಸೇಜ್ ಬಂತು. ಆಫೀಸಿನಲ್ಲಿ ಸಿಕ್ಕಿಹಾಕಿಕೊಂಡಿದ್ದೆ, ಈಗ ಹೊರಟೆ, ಸಂಜೆಗೆ ಅಲ್ಲಿರುತ್ತೇನೆ. ನನಗೆ ಕೋಪ ಬರಲಿಲ್ಲ. ಜೀವ ಇದೆಯಲ್ಲ, ಸಾಕು ಅನ್ನಿಸಿತು. ಇನ್ನಷ್ಟು ಕಟ್ಟಿಗೆ ಕೊಂಡು ಕೆರೆಯ ದಂಡೆಗೆ ವಾಪಸಾದೆ.

ಸೂರ್ಯ ಮುಳುಗುವ ಹೊತ್ತಿಗೆ ಅವನ ಟ್ರಕ್ ಬಂತು. ಇಳಿದವನೇ ನನ್ನನ್ನು ಅಪ್ಪಿಕೊಂಡ, ಹಾಗೆ ಅಪ್ಪಿಕೊಳ್ಳುವವನಲ್ಲ. ಮುಖ ಬಾಡಿತ್ತು. ಆಫೀಸಿನ ಕಥೆ ಹೇಳಿದ, ಉದ್ದವಾಗಿಯೇ ಹೇಳಿದ. ಬೆಂಕಿಯ ಹತ್ತಿರ ಕುರ್ಚಿ ಎಳೆದು ಕೂತ. ಆಗಲೇ ಉಸಿರು ಹೊಗೆಯಾಗುತ್ತಿತ್ತು. ನಾನು ಮುದ್ದೆ ತಿರುವಿ, ಕಟ್ಟಿ, ಸಾರು ಬಿಟ್ಟು ತಟ್ಟೆ ಕೊಟ್ಟೆ. ಅವನು ದಪ್ಪ ಗ್ಲೌಸಿನಲ್ಲೇ ತಟ್ಟೆ ಹಿಡಿದು ಕೂತಿದ್ದ.

"ಗ್ಲೌಸ್ ಬಿಚ್ಚೋ, ಆರ್‍ಹೋಗುತ್ತೆ."

"ಚಳಿ ಅಣ್ಣ. ಸ್ಪೂನ್ ಇದ್ರೆ ಕೊಡು."

"ಮುದ್ದೆಗೆ ಸ್ಪೂನಾ? ಅವ್ವ ಇದ್ದಿದ್ರೆ ಬೆನ್ನಿಗೆ ಕೊಡ್ತಿದ್ಲು."

ಅವನು ನಗಲು ನೋಡಿದ. ಮುದ್ದೆಯ ಹಬೆ ಅವನ ಮುಖಕ್ಕೆ ಬಡಿಯುತ್ತಿತ್ತು. ಹಸಿದಿದ್ದ, ಅದು ಕಾಣುತ್ತಿತ್ತು. ಕೊನೆಗೆ ತಟ್ಟೆಯನ್ನು ತೊಡೆಯ ಮೇಲಿಟ್ಟು ಬಲಗೈಯ ಗ್ಲೌಸ್ ಬಿಚ್ಚಿ, ಜಾಕೆಟ್ಟಿನ ತೋಳನ್ನು ಕೆಳಗೆ ಎಳೆದುಕೊಂಡ. ಮುದ್ದೆ ಮುರಿಯಲು ಕೈ ಚಾಚಿದಾಗ ತೋಳು ಮೇಲೆ ಸರಿಯಿತು. ಮಣಿಕಟ್ಟಿನಲ್ಲಿ ಹಳದಿ ದಾರ, ದಾರಕ್ಕೆ ಅರಿಶಿನದ ಕೊಂಬು. ಕಂಕಣ. ಇನ್ನೂ ಹೊಸದು, ಚರ್ಮಕ್ಕೆಲ್ಲ ಬಣ್ಣ ಬಿಟ್ಟಿತ್ತು.

ಆಫೀಸಿನಲ್ಲಿ ಯಾರೂ ಕಂಕಣ ಕಟ್ಟುವುದಿಲ್ಲ. ಮೂರು ದಿನ ಬಿಚ್ಚಬಾರದೆಂದು ಪುರೋಹಿತರು ಹೇಳಿರಬೇಕು. ನನಗೆ ಸುಳ್ಳು ಹೇಳಲು ಅಂಜದವನು ಆ ದಾರ ಕತ್ತರಿಸಲು ಅಂಜಿದ್ದ.

"ಯಾವಾಗ ಆಯ್ತು?" ಎಂದು ಕೇಳಿದೆ.

"ನಿನ್ನೆ ಬೆಳಿಗ್ಗೆ."

"ಮುಂದೆ ಯಾರು ಹೋದ್ರು?"

ತಟ್ಟೆ ನೋಡುತ್ತಲೇ ಹೇಳಿದ. "ಮಾವ."

ಆಮೇಲೆ ತಾನಾಗಿಯೇ ಎಲ್ಲ ಹೇಳಿದ. ಬಿಲ್ಡರ್ ಮನೆ ಆಗಲೇ ಕೊಟ್ಟಾಗಿತ್ತು, ಗೃಹಪ್ರವೇಶದ ಮುಹೂರ್ತ ಮಾವನೇ ನೋಡಿಸಿದ್ದು. ಡಾಕ್ಟರುಗಳು, ಅವರ ಮೈಸೂರಿನ ಸ್ನೇಹಿತರು, ತನ್ನ ಆಫೀಸಿನವರು ಎಲ್ಲ ಬರುವುದೆಂದು ತೀರ್ಮಾನವಾಯಿತು. ಕಳಶ ತಾವೇ ಹಿಡಿಯುವುದಾಗಿ ಮಾವ ಅಂದಾಗ ಇಲ್ಲ ಅನ್ನಲು ಇವನಿಗೆ ಬಾಯಿ ಬರಲಿಲ್ಲ. ನನ್ನನ್ನು ಕರೆದರೆ ನಾನು ಮುಂದೆ ನಿಲ್ಲುತ್ತೇನೆ, ಅಲ್ಲಿ ಮಾತಿಗೆ ಮಾತು ಬೆಳೆಯುತ್ತದೆ ಎಂಬ ಭಯ. ಇಲ್ಲಿಗೆ ಬರುವ ದಿನವನ್ನು ಅದಕ್ಕೇ ಶ್ರಾವಣಕ್ಕೆ ತಳ್ಳಿದ್ದು, ಆ ಬೆಳಿಗ್ಗೆ ನಾನು ಫೋನಿಗೂ ಸಿಗದ ಜಾಗದಲ್ಲಿರಲಿ ಎಂದು. ಇವತ್ತು ಬಂದು ಎಲ್ಲ ಹೇಳಿಬಿಡಬೇಕೆಂದೇ ಹೊರಟೆ, ನಿನ್ನ ಮುಖ ನೋಡಿದ ಮೇಲೆ ಆಗಲಿಲ್ಲ ಅಂದ. ಅದನ್ನು ನಾನು ನಂಬಿದೆ. ನಂಬಿದ್ದರಿಂದ ಏನೂ ಹಗುರಾಗಲಿಲ್ಲ.

"ಅಷ್ಟು ಜನರ ಮುಂದೆ ನಿನ್ನನ್ನ ಹಿಂದೆ ನಿಲ್ಲಿಸೋಕೆ ನಂಗೆ ಮನಸ್ಸು ಬರ್ಲಿಲ್ಲ ಅಣ್ಣ."

"ಅದಕ್ಕೆ ತಂದು ಇಲ್ಲಿ ನಿಲ್ಲಿಸ್ದೆ."

ಅವನು ಅಳತೊಡಗಿದ. ನಾನು ಸಮಾಧಾನ ಮಾಡಲಿಲ್ಲ. ಮುದ್ದೆ ಎರಡೂ ತಟ್ಟೆಗಳಲ್ಲಿ ಆರಿ ಕಲ್ಲಾಯಿತು. ಹಿಂದೆ ನಿಲ್ಲು ಅಂದಿದ್ದರೆ ನಿಲ್ಲುತ್ತಿದ್ದೆನೇ? ನಿಲ್ಲುತ್ತಿದ್ದೆನೋ, ಜಗಳವಾಡುತ್ತಿದ್ದೆನೋ, ಬರುವುದೇ ಇಲ್ಲ ಅನ್ನುತ್ತಿದ್ದೆನೋ. ಅದನ್ನು ಹೇಳಬೇಕಾದವನು ನಾನು. ನನ್ನ ಪರವಾಗಿ ಅವರು ಮನೆಯೊಳಗೆ ಕೂತು ತೀರ್ಮಾನ ಮಾಡಿದ್ದರು. ಅವರು ಹಾಲು ಉಕ್ಕಿಸುತ್ತಿದ್ದ ಹೊತ್ತಿಗೆ ನಾನು ಅವನಿಗೆಂದು ಜಾಗ ಹಸನು ಮಾಡುತ್ತಿದ್ದೆ, ಅವರು ಊಟಕ್ಕೆ ಎಲೆ ಹಾಕುವ ಹೊತ್ತಿಗೆ ದಾರಿ ನೋಡುತ್ತಿದ್ದೆ, ಮಾವ ತಾಂಬೂಲ ಹಂಚಿ ಮುಗಿಸಿದ ಮೇಲೆ ಅವನ ಹೆಣ ಎಲ್ಲಿ ಸಿಗುತ್ತದೋ ಎಂದು ಪೊದೆಗಳಲ್ಲಿ ಹುಡುಕುತ್ತಿದ್ದೆ. ಈ ಕೊನೆಯದನ್ನು ನಾನು ಅವನಿಗೆ ಹೇಳಲಿಲ್ಲ. ಈವರೆಗೂ ಹೇಳಿಲ್ಲ.

ಕತ್ತಲಲ್ಲಿ ಆ ದಾರಿ ಹಿಡಿಯುವಂತಿರಲಿಲ್ಲ, ಇಲ್ಲದಿದ್ದರೆ ಆಗಲೇ ಹೊರಡುತ್ತಿದ್ದೆ. ಅವನ ಟ್ರಕ್ಕಿನಲ್ಲಿ ಅವನು, ನನ್ನದರಲ್ಲಿ ನಾನು ಮಲಗಿದೆವು. ಅವನಿಗೆಂದು ತಂದಿದ್ದ ಕಂಬಳಿಯನ್ನು ಅವನ ಬಾಗಿಲ ಬಳಿ ಇಟ್ಟಿದ್ದೆ. ತೆಗೆದುಕೊಂಡ ಸದ್ದು ಕೇಳಿಸಿತು.

ಬೆಳಿಗ್ಗೆ ಎರಡೂ ಟ್ರಕ್ಕಿನ ಮುಂದಿನ ಗಾಜಿನ ಮೇಲೆ ಹಿಮ ಗಟ್ಟಿಯಾಗಿ ಕೂತಿತ್ತು. ಅವನು ಕೆಟಲಿನಲ್ಲಿ ನೀರು ಕಾಯಿಸಿ ಗಾಜಿಗೆ ಸುರಿಯಲು ಬಂದ. ಬೇಡ, ಗಾಜು ಸೀಳುತ್ತದೆ ಎಂದು ಕೈಸನ್ನೆ ಮಾಡಿ, ನಾನೇ ಒಂದು ಪ್ಲಾಸ್ಟಿಕ್ ತುಂಡು ತೆಗೆದುಕೊಂಡು ಅವನ ಗಾಜನ್ನು ಕೆರೆದೆ. ಆಮೇಲೆ ನನ್ನದನ್ನು. ಸಿಟ್ಟಿದ್ದರೂ ಕೈಗೆ ಹಳೆಯ ಅಭ್ಯಾಸ.

ಮಣ್ಣಿನ ದಾರಿ ಹೈವೇಗೆ ಸೇರುವಲ್ಲಿ ಅವನು ಟ್ರಕ್ ನಿಲ್ಲಿಸಿ ಇಳಿದು ಬಂದು ನನ್ನ ಕಿಟಕಿಯ ಬಳಿ ನಿಂತ. ಗ್ಲೌಸ್ ಇರಲಿಲ್ಲ. ಬೆರಳುಗಳು ಚಳಿಗೆ ಕೆಂಪಾಗಿದ್ದವು.

"ಹಿಂಗೇ ಮನೆಗೆ ಬಾ ಅಣ್ಣ. ಇವತ್ತೇ ಬಾ."

"ಬರ್ತೀನಿ. ಯಾರಾಗಿ ಬರ್ಲಿ, ಹೇಳು."

ಬಾಯಿ ತೆರೆದ. ಅಣ್ಣನಾಗಿ ಅನ್ನುತ್ತಾನೆಂದು ನಾನು ಕಾದೆ. ಎಂಜಿನ್ ಓಡುತ್ತಲೇ ಇತ್ತು. ಅಷ್ಟರಲ್ಲಿ ಹಿಂದಿನಿಂದ ಕುರಿ ತುಂಬಿದ ದೊಡ್ಡ ಲಾರಿಯೊಂದು ಬಂದು ಹಾರ್ನ್ ಹೊಡೆಯಿತು. ನಾವಿಬ್ಬರೂ ದಾರಿಗೆ ಅಡ್ಡ ನಿಂತಿದ್ದೆವು. ಅವನು ಓಡಿಹೋಗಿ ತನ್ನ ಟ್ರಕ್ ಹತ್ತಿದ, ನಾನು ಸಿಡ್ನಿಯ ಕಡೆ ತಿರುಗಿಸಿದೆ.

ಉತ್ತರ ಹೊಳೆದರೆ ಫೋನ್ ಮಾಡುತ್ತಾನೆ ಅಂದುಕೊಂಡಿದ್ದೆ. ಫೋನ್ ಮಾಡುತ್ತಾನೆ, ವಾರಕ್ಕೊಮ್ಮೆ ತಪ್ಪದೆ. ಮಗಳ ಸ್ಕೂಲು, ಮಾರ್ಟ್‌ಗೇಜು, ಮಳೆ, ನನ್ನ ಸೊಂಟನೋವು, ಎಲ್ಲ ಕೇಳುತ್ತಾನೆ, ಹೇಳುತ್ತಾನೆ, ಅದೊಂದನ್ನು ಬಿಟ್ಟು. ನಾನೂ ಆ ಮಾತುಗಳಿಗೆಲ್ಲ ಸರಿಯಾಗಿಯೇ ಉತ್ತರ ಕೊಡುತ್ತೇನೆ.