ಬಂಗಾಳ ಕೊಲ್ಲಿಯ ನೆಪ

ಕಾರವಾರದಲ್ಲಿ ನನ್ನ ಮನೆ ಕಡಲಿನ ಪಕ್ಕದಲ್ಲೇ ಇದೆ. ಆದರೂ ರಸ್ತೆಯಲ್ಲಿ ಮೊಣಕಾಲು ಮುಳುಗುವಷ್ಟು ನೀರು ತುಳಿದದ್ದು ಇವತ್ತೇ ಮೊದಲು, ಕಡಲಿಲ್ಲದ ರಾಜಧಾನಿಯ ಎನ್.ಆರ್. ಕಾಲೋನಿಯಲ್ಲಿ ಬಸ್ಸಿಳಿದು ಚಿಕ್ಕಮ್ಮನ ಮನೆಗೆ ನಡೆಯುವಾಗ.

ಚಿಕ್ಕಮ್ಮ ಭೂಗೋಳದ ಟೀಚರ್ ಆಗಿ ನಿವೃತ್ತರಾದವರು. ಮೂವತ್ತು ವರ್ಷ ದಿನವೂ ಮಳೆ ಅಳೆದು ಬರೆದಿಟ್ಟಿದ್ದ ಅವರ ನೋಟ್‌ಬುಕ್ಕುಗಳು ನೆನೆದು ಮುದ್ದೆಯಾಗಿದ್ದವು. ಮನೆಯ ಹಿಂದಿನ ಮೋರಿಯ ಮೇಲೆ ಹೊಸ ಅಪಾರ್ಟ್‌ಮೆಂಟ್ ಎದ್ದಿದ್ದರಿಂದ ನೀರಿಗೆ ಹರಿಯಲು ದಾರಿಯೇ ಇರಲಿಲ್ಲ.

ಅದನ್ನು ಕಟ್ಟಿಸಿದ ಬಿಲ್ಡರ್ ಅಷ್ಟರಲ್ಲಿ ಬಂದ. ಚಿಕ್ಕಮ್ಮನ ಹಳೆಯ ವಿದ್ಯಾರ್ಥಿ. ಬಗ್ಗಿ ಅವರ ಕಾಲಿಗೆ ನಮಸ್ಕರಿಸಿದ.

“ಏನ್ ಮಾಡೋಕಾಗುತ್ತೆ ಮೇಡಂ? ಸಮುದ್ರ ಬಿಸಿಯಾದಷ್ಟೂ ಗಾಳಿ ಜಾಸ್ತಿ ನೀರು ಹೊತ್ಕೊಂಡು ಬರುತ್ತೆ. ಈಗ ಬಂಗಾಳ ಕೊಲ್ಲೀಲಿ ವಾಯುಭಾರ ಕುಸಿತ ಬೇರೆ. ನೀವೇ ಪಾಠ ಮಾಡಿದ್ರಲ್ಲ!”

“ಸರಿಯಾಗೇ ಹೇಳ್ದೆ ಕಣಪ್ಪಾ,” ಎಂದರು ಚಿಕ್ಕಮ್ಮ. “ಮಳೆ ಸಮುದ್ರದ್ದು. ಮೋರಿ ಮುಚ್ಚಿದ್ದು ಯಾರು?”

“ಈಗ್ಲೇ ಪಂಪ್ ತರಿಸ್ತೀನಿ ಮೇಡಂ,” ಎಂದು ಅವನು ಹೊರಟ.

ಅರ್ಧ ಗಂಟೆಯಲ್ಲಿ ಪಂಪ್ ಬಂತು ಕೂಡ. ಅವನ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನಿಂತಿದ್ದ ನೀರನ್ನೆಲ್ಲ ಎತ್ತಿ ಚಿಕ್ಕಮ್ಮನ ಮನೆಯ ರಸ್ತೆಗೆ ಸುರಿಯತೊಡಗಿತು.